ಗೂಢಲಿಪಿಯ ಡಿಸ್ಕ್ ಬೂಟ್ ಆಗದಿದ್ದಾಗ: ಒಂದು ಸಂವಾದ

ಡಿಸ್ಕಿನಲ್ಲಿರುವ ಮಾಹಿತಿಯನ್ನು ಗುಪ್ತಪದವಿಲ್ಲದೆ ಯಾರೂ ಓದಲಾಗದಂತೆ ಮಾರ್ಪಡಿಸಿ ಇಡುವ ಕ್ರಮಕ್ಕೆ ಗೂಢಲಿಪೀಕರಣ ಎಂದು ಹೆಸರು. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಎಲ್ಲ ಕಡತಗಳಿಗೂ ಬುಡವಾಗಿರುವ ಡಿಸ್ಕಿನ ಭಾಗವನ್ನು ರೂಟ್ ಪಾರ್ಟಿಷನ್ ಎನ್ನುತ್ತಾರೆ. ಈ ರೂಟ್ ಪಾರ್ಟಿಷನ್ನನ್ನೇ ಗೂಢಲಿಪಿಯಲ್ಲಿಟ್ಟರೆ, ಲ್ಯಾಪ್‌ಟಾಪ್ ಕಳೆದುಹೋದರೂ ಅದರೊಳಗಿನ ಪತ್ರ, ಲೆಕ್ಕ, ಭಾವಚಿತ್ರಗಳು ಅನ್ಯರ ಕಣ್ಣಿಗೆ ಬೀಳುವುದಿಲ್ಲ ಎಂಬ ನೆಮ್ಮದಿ ಸಿಗುತ್ತದೆ. ಆದರೆ ಯಂತ್ರ ಒಂದು ದಿನ ಬೂಟ್ ಆಗದೆ ನಿಂತರೆ ಅದೇ ಬೀಗ ಮನೆಯ ಯಜಮಾನನನ್ನೂ ಹೊರಗೇ ನಿಲ್ಲಿಸುತ್ತದೆ. ಆಗ ದೋಷವನ್ನು ಎಲ್ಲಿ ಹುಡುಕಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ಕುರಿತು ಇಬ್ಬರು ನಡೆಸುವ ಮಾತುಕತೆ ಇಲ್ಲಿದೆ. ಕಿರಿಯರು ಲಿನಕ್ಸನ್ನು ಕೆಲವು ವರ್ಷಗಳಿಂದ ಬಳಸುತ್ತಿರುವವರು. ಹಿರಿಯರು ಸರ್ವರ್‌ಗಳ ನಿರ್ವಹಣೆಯಲ್ಲಿ ಪಳಗಿದವರು. ಮಾತು ಮುಖ್ಯವಾಗಿ ಡೆಬಿಯನ್ ಮತ್ತು ಅದರಿಂದ ಹುಟ್ಟಿದ ಉಬುಂಟು ವಿತರಣೆಗಳನ್ನು ಕುರಿತದ್ದು. ಅವುಗಳ ಸಾಮಾನ್ಯ ಏರ್ಪಾಡಿನಲ್ಲಿ ಡಿಸ್ಕಿನ ಮೊದಲ ಪಾರ್ಟಿಷನ್ ಫರ್ಮ್‌ವೇರ್ ಓದುವ ಇಎಫ್‌ಐ ಭಾಗವಾಗಿರುತ್ತದೆ, ಎರಡನೆಯದು ಗೂಢಲಿಪಿಯಿಲ್ಲದ ಬೂಟ್ ಭಾಗ, ಮೂರನೆಯದು ಪೂರ್ತಿಯಾಗಿ ಬೀಗ ಹಾಕಿದ ಭಾಗ. ಈ ಮೂರನೆಯದರೊಳಗೆ ಎಲ್‌ವಿಎಂ ಎಂಬ ವಿಂಗಡಣಾ ಪದರವಿದ್ದು, ಅದರೊಳಗೆ ರೂಟ್ ಮತ್ತು ಸ್ವಾಪ್ ಇರುತ್ತವೆ.

ಕಿರಿಯರು: ಕರ್ನಲ್‌ನ ಹೊಸ ಆವೃತ್ತಿ ಬಂದ ಮೇಲೆ ಯಂತ್ರವನ್ನು ಮರುಚಾಲನೆ ಮಾಡಿದಾಗ, ಗುಪ್ತಪದ ಕೇಳುವ ಪರದೆಯೇ ಬಾರದೆ, ಕಪ್ಪು ತೆರೆಯ ಮೇಲೆ ಆವರಣ ಚಿಹ್ನೆಗಳ ನಡುವೆ ಇನಿಟ್‌ರಾಮ್‌ಎಫ್‌ಎಸ್ ಎಂಬ ಪದ ಮಾತ್ರ ಮೂಡಿ ನಿಂತಿದೆ ಎಂದುಕೊಳ್ಳಿ. ಗೂಢಲಿಪಿ ಕೆಟ್ಟು ಮಾಹಿತಿಯೆಲ್ಲ ಹೋಯಿತು ಎಂದೇ ತಿಳಿಯಬೇಕೆ?

ಹಿರಿಯರು: ಹಾಗೆ ತಿಳಿದು ಗಾಬರಿಯಲ್ಲಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದಾಗ ಮಾಹಿತಿ ನಿಜವಾಗಿಯೂ ಹೋಗುತ್ತದೆ, ಆ ಕಪ್ಪು ತೆರೆ ಕಂಡ ಮಾತ್ರಕ್ಕೆ ಹೋಗುವುದಿಲ್ಲ. ಬೂಟ್ ಎಂಬುದು ಒಂದೇ ಕ್ರಿಯೆಯಲ್ಲ, ಕೆಲಸ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತಾ ಹೋಗುವ ಸರಪಳಿ. ಫರ್ಮ್‌ವೇರ್ ಮೊದಲು ಎಚ್ಚೆತ್ತು ಗ್ರಬ್ ಎಂಬ ಬೂಟ್‌ಲೋಡರನ್ನು ಹುಡುಕುತ್ತದೆ. ಗ್ರಬ್ ಕರ್ನಲನ್ನೂ ಅದರ ಜೊತೆಗಾರ ಕಡತವೊಂದನ್ನೂ ಮೆಮೊರಿಗೆ ತುಂಬುತ್ತದೆ. ಕರ್ನಲ್ ಆ ಕಡತವನ್ನು ಬಿಚ್ಚಿ, ಅದರೊಳಗಿನ ಉಪಕರಣಗಳ ನೆರವಿನಿಂದ ಬೀಗ ಹಾಕಿದ ಪಾರ್ಟಿಷನ್ನನ್ನು ತೆರೆಯಿಸಿ, ಒಳಗಿನ ಎಲ್‌ವಿಎಂ ಪದರವನ್ನು ಎಬ್ಬಿಸಿ, ಕೊನೆಗೆ ರೂಟ್ ಕಡತ ವ್ಯವಸ್ಥೆಯನ್ನು ತಲುಪುತ್ತದೆ. ಈ ಸರಪಳಿಯಲ್ಲಿ ಗಣಿತದ ಭಾಗ, ಎಂದರೆ ಎಇಎಸ್ ಗೂಢಲಿಪಿ, ತಾನಾಗಿ ಕೆಡುವಂಥದ್ದಲ್ಲ. ಕೆಡುವುದು ಬಹುಮಟ್ಟಿಗೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವ ಜಾಗ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಯಂತ್ರ ಯಾವ ಹಂತದವರೆಗೆ ಬಂದು ನಿಂತಿದೆ ಎಂಬುದು.

ಕಿರಿಯರು: ಕರ್ನಲ್‌ನ ಜೊತೆಗಾರ ಕಡತ ಎಂದು ತಾವು ಹೇಳಿದ್ದು ಯಾವುದು? ಅದರ ಅಗತ್ಯವೇನು?

ಹಿರಿಯರು: ಬೀಗ ತೆರೆಯುವ ಸಲಕರಣೆಯಾದ ಕ್ರಿಪ್ಟ್‌ಸೆಟಪ್ ಎಂಬ ತಂತ್ರಾಂಶ ಇರುವುದು ರೂಟ್ ಪಾರ್ಟಿಷನ್ನಿನಲ್ಲಿ; ರೂಟ್ ಪಾರ್ಟಿಷನ್ ಇರುವುದು ಬೀಗದೊಳಗೆ. ಬೀಗದ ಕೈಯನ್ನು ಮನೆಯೊಳಗೇ ಇಟ್ಟು ಬಾಗಿಲು ಹಾಕಿಕೊಂಡಂತಹ ಸ್ಥಿತಿ ಇದು. ಈ ತೊಡಕನ್ನು ಬಿಡಿಸುವುದಕ್ಕಾಗಿಯೇ ಬೇಕಾದಷ್ಟು ಸಲಕರಣೆಗಳನ್ನು ಮಾತ್ರ ಆಯ್ದು, ಒಂದು ಕಡತವಾಗಿ ಗಂಟುಕಟ್ಟಿ, ಬೀಗವಿಲ್ಲದ ಬೂಟ್ ಭಾಗದಲ್ಲಿ ಇಟ್ಟಿರುತ್ತಾರೆ. ಅದೇ ಇನಿಟ್‌ರಾಮ್‌ಎಫ್‌ಎಸ್, ಕರ್ನಲ್ ಅದನ್ನು ಮೆಮೊರಿಯಲ್ಲಿ ಬಿಚ್ಚಿಕೊಂಡು ತಾತ್ಕಾಲಿಕ ಕಡತ ವ್ಯವಸ್ಥೆಯಾಗಿ ಬಳಸುತ್ತದೆ. ಊರು ತಲುಪುವವರೆಗೆ ಬೇಕಾಗುವ ಬುತ್ತಿ ಇದ್ದಂತೆ. ಕರ್ನಲ್‌ನ ಪ್ರತಿ ಆವೃತ್ತಿಗೂ ಪ್ರತ್ಯೇಕ ಬುತ್ತಿ ಕಟ್ಟಬೇಕು. ಅದನ್ನು ಕಟ್ಟುವಾಗ ಕ್ರಿಪ್ಟ್‌ಸೆಟಪ್ ಬಿಟ್ಟುಹೋದರೆ, ಅಥವಾ ಯಾವ ಪಾರ್ಟಿಷನ್ನನ್ನು ತೆರೆಯಬೇಕೆಂಬ ಚೀಟಿ ತಪ್ಪಾಗಿದ್ದರೆ, ನೀವು ಹೇಳಿದ ಕಪ್ಪು ತೆರೆ ಕಾಣಿಸುತ್ತದೆ. ಆವರಣದೊಳಗಿನ ಆ ಪದ ಸಾವಿನ ಸುದ್ದಿಯಲ್ಲ. ಕರ್ನಲ್ ಬಂದಿದೆ, ಬುತ್ತಿ ಬಿಚ್ಚಿದೆ, ರೂಟ್ ಮಾತ್ರ ಸಿಗಲಿಲ್ಲ, ಮುಂದಿನ ಆಜ್ಞೆ ಕೊಡಿ ಎಂದು ಬ್ಯುಸಿಬಾಕ್ಸ್ ಎಂಬ ಪುಟ್ಟ ಶೆಲ್ ಕೇಳುತ್ತಿದೆ ಎಂದು ಅದರ ಅರ್ಥ.

ಕಿರಿಯರು: ಗುಪ್ತಪದವಿಲ್ಲದೆ ಹೀಗೆ ಶೆಲ್ ಸಿಗುವುದೇ ಒಂದು ಭದ್ರತಾ ಲೋಪವಲ್ಲವೆ?

ಹಿರಿಯರು: 2016ರಲ್ಲಿ ಹೆಕ್ಟರ್ ಮಾರ್ಕೊ ಮತ್ತು ಇಸ್ಮಾಯಿಲ್ ರಿಪೋಲ್ ಎಂಬ ಸಂಶೋಧಕರು, ಗುಪ್ತಪದ ಕೇಳುವ ತೆರೆಯಲ್ಲಿ ಎಂಟರ್ ಗುಂಡಿಯನ್ನು ಸುಮಾರು 70 ಸೆಕೆಂಡುಗಳ ಕಾಲ ಒತ್ತಿಹಿಡಿದರೆ ಇದೇ ಶೆಲ್ ಪೂರ್ಣಾಧಿಕಾರದೊಂದಿಗೆ ತೆರೆದುಕೊಳ್ಳುತ್ತದೆ ಎಂದು ತೋರಿಸಿದರು, ಆ ದೋಷವನ್ನು ತಿದ್ದಲಾಯಿತು. ಆದರೆ ಅಲ್ಲಿಯೂ ಬೀಗದೊಳಗಿನ ಮಾಹಿತಿ ತೆರೆದುಕೊಂಡಿರಲಿಲ್ಲ. ಆಕ್ರಮಣಕಾರನಿಗೆ ಸಿಕ್ಕಿದ್ದು ಬೀಗವಿಲ್ಲದ ಬೂಟ್ ಭಾಗವನ್ನು ತಿದ್ದುವ ಅವಕಾಶ. ಅದೂ ಚಿಕ್ಕದಲ್ಲ, ಆದರೆ ಬೇರೆ ವಿಷಯ. ದುರಸ್ತಿಗೆ ಕುಳಿತವರಿಗೆ ಆ ಶೆಲ್ ಒಂದು ವರ.

ಕಿರಿಯರು: ಹಾಗಾದರೆ ಆ ಶೆಲ್‌ನಲ್ಲಿ ಮೊದಲು ಏನನ್ನು ನೋಡಬೇಕು?

ಹಿರಿಯರು: ಅದಕ್ಕೂ ಮುಂಚೆ ತೆರೆಯ ಮೇಲಿನ ಸಂದೇಶಗಳನ್ನು ಓದಬೇಕು. ಲಾಂಛನ ತಿರುಗುವ ಅಂದದ ಪರದೆ, ಅಂದರೆ ಪ್ಲಿಮತ್, ಸಂದೇಶಗಳನ್ನು ಮುಚ್ಚಿಡುತ್ತದೆ. ಎಸ್ಕೇಪ್ ಗುಂಡಿ ಒತ್ತಿದರೆ ಅದು ಸರಿಯುತ್ತದೆ. ಸರಿಯದಿದ್ದರೆ ಗ್ರಬ್ ಪಟ್ಟಿಯಲ್ಲಿ ಇ ಅಕ್ಷರ ಒತ್ತಿ, ಕರ್ನಲ್ ಸಾಲಿನ ಕೊನೆಯಲ್ಲಿರುವ ಕ್ವಯಟ್ ಮತ್ತು ಸ್ಪ್ಲ್ಯಾಶ್ ಎಂಬ ಎರಡು ಪದಗಳನ್ನು ಅಳಿಸಿ ಮುಂದುವರಿಸಿದರಾಯಿತು. ಈ ತಿದ್ದುಪಡಿ ಆ ಒಂದು ಬೂಟಿಗಷ್ಟೇ ಅನ್ವಯವಾಗುವುದರಿಂದ ಅಪಾಯವಿಲ್ಲ. ಶೆಲ್‌ಗೆ ಬಂದ ಮೇಲೆ ಬ್ಲಾಕ್‌ಐಡಿ ಎಂದು ರೂಢಿಯಲ್ಲಿ ಹೇಳುವ ಆಜ್ಞೆಯಿಂದ ಕರ್ನಲ್‌ಗೆ ಯಾವ ಯಾವ ಪಾರ್ಟಿಷನ್‌ಗಳು ಕಾಣುತ್ತಿವೆ ಎಂದು ನೋಡಬೇಕು. ಒಂದೂ ಕಾಣದಿದ್ದರೆ ಡಿಸ್ಕನ್ನು ಓದುವ ಚಾಲಕ ಬುತ್ತಿಯಲ್ಲಿಲ್ಲ, ಅಥವಾ ಡಿಸ್ಕ್ ಬಳಲಿದೆ, ಅಥವಾ ಫರ್ಮ್‌ವೇರ್‌ನಲ್ಲಿ ಶೇಖರಣೆಯ ವಿಧಾನ ಬದಲಾಗಿದೆ. ಪಾರ್ಟಿಷನ್ ಕಾಣುತ್ತಿದ್ದು, ಲಕ್ಸ್ ಎಂಬ ಬೀಗದ ಮಾದರಿಯನ್ನು ಸೂಚಿಸುವ ಕ್ರಿಪ್ಟೊ ಲಕ್ಸ್ ಎಂಬ ಗುರುತಿದ್ದರೆ ಕ್ರಿಪ್ಟ್‌ಸೆಟಪ್ ಎಂದು ಟೈಪ್ ಮಾಡಬೇಕು; ಅಂತಹ ಆಜ್ಞೆಯೇ ಇಲ್ಲ ಎಂಬ ಉತ್ತರ ಬಂದರೆ ದೋಷ ಅಲ್ಲಿಯೇ ಸಿಕ್ಕಿತು, ಬುತ್ತಿ ಕಟ್ಟಿದವರು ಅದನ್ನು ಮರೆತಿದ್ದಾರೆ. ಆಜ್ಞೆ ಇದ್ದರೆ ಪಾರ್ಟಿಷನ್ನನ್ನು ಕೈಯಾರೆ ತೆರೆದು, ಎಲ್‌ವಿಎಂ ಗುಂಪನ್ನು ಸಕ್ರಿಯಗೊಳಿಸಿ, ಎಕ್ಸಿಟ್ ಎಂದು ಬರೆದು ಶೆಲ್‌ನಿಂದ ಹೊರಬಂದರೆ ಬೂಟ್ ನಿಂತಲ್ಲಿಂದ ಮುಂದುವರಿಯುತ್ತದೆ. ಹೀಗೆ ಮುಂದುವರಿದರೆ ಬೀಗ, ಕೀಲಿ, ಮಾಹಿತಿ ಮೂರೂ ಸರಿಯಿವೆ, ತಪ್ಪಿರುವುದು ಚೀಟಿ ಮಾತ್ರ ಎಂದು ಅಲ್ಲಿಗೇ ಸಿದ್ಧವಾಗುತ್ತದೆ.

ಕಿರಿಯರು: ಆ ಚೀಟಿಯನ್ನು ಕುರಿತು ವಿವರವಾಗಿ ತಿಳಿಸಬೇಕು.

ಹಿರಿಯರು: ಅದರ ಹೆಸರು ಕ್ರಿಪ್ಟ್‌ಟ್ಯಾಬ್. ಇಟಿಸಿ ಎಂಬ ಸಂಯೋಜನೆಗಳ ಕಡತಕೋಶದಲ್ಲಿರುವ ಈ ಕಡತದಲ್ಲಿ ಪ್ರತಿ ಬೀಗಕ್ಕೆ ಒಂದು ಸಾಲು, ಪ್ರತಿ ಸಾಲಿನಲ್ಲಿ ನಾಲ್ಕು ಅಂಕಣ. ಮೊದಲ ಅಂಕಣ, ಬೀಗ ತೆರೆದ ಮೇಲೆ ಒಳಭಾಗಕ್ಕೆ ಕೊಡುವ ಹೆಸರು. ಡೆಬಿಯನ್ ಅನುಸ್ಥಾಪಕ ಇದನ್ನು ಎಸ್‌ಡಿಎ3 ಕ್ರಿಪ್ಟ್ ಎಂಬಂತೆ ಪಾರ್ಟಿಷನ್ನಿನ ಹೆಸರಿನಿಂದಲೇ ಕಟ್ಟುತ್ತದೆ. ಎರಡನೆಯದು ಬೀಗ ಹಾಕಿದ ಪಾರ್ಟಿಷನ್ನಿನ ಗುರುತು. ಮೂರನೆಯದು ಕೀಲಿ ಎಲ್ಲಿದೆ ಎಂಬುದು. ಜನ ಟೈಪ್ ಮಾಡುವ ಗುಪ್ತಪದವೇ ಕೀಲಿಯಾದರೆ ಅಲ್ಲಿ ನನ್ ಎಂದಿರುತ್ತದೆ. ನಾಲ್ಕನೆಯದು ಆಯ್ಕೆಗಳು. ಈ ನಾಲ್ಕರಲ್ಲಿ ತಪ್ಪು ನುಸುಳುವುದು ಹೆಚ್ಚಾಗಿ ಎರಡನೆಯ ಅಂಕಣದಲ್ಲಿ. ಅಲ್ಲಿ ಬರೆಯಬೇಕಾದುದು ಯುಯುಐಡಿ, ಅಂದರೆ ನಡುವಿನ ಅಡ್ಡಗೆರೆಗಳೂ ಸೇರಿ 36 ಚಿಹ್ನೆಗಳ ಒಂದು ವಿಶಿಷ್ಟ ಗುರುತು. ಬೀಗ ಹಾಕಿದ ಹೊರ ಪಾರ್ಟಿಷನ್ನಿಗೆ ಒಂದು ಯುಯುಐಡಿ ಇದೆ, ತೆರೆದಾಗ ಒಳಗೆ ಸಿಗುವ ಕಡತ ವ್ಯವಸ್ಥೆಗೆ ಇನ್ನೊಂದಿದೆ, ನಡುವಿನ ಎಲ್‌ವಿಎಂ ಪದರಕ್ಕೆ ಮತ್ತೊಂದು ಬಗೆಯ ಗುರುತಿದೆ. ಕ್ರಿಪ್ಟ್‌ಟ್ಯಾಬ್ ಕೇಳುವುದು ಹೊರಗಿನದನ್ನು. ಕಡತ ವ್ಯವಸ್ಥೆಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಕೇಳುವುದು ಒಳಗಿನದನ್ನು. ಒಳಗಿನ ಗುರುತನ್ನು ಹೊರಗಿನ ಅಂಕಣದಲ್ಲಿ ಬರೆದರೆ, ಬೀಗ ತೆರೆದ ಮೇಲಷ್ಟೇ ಕಾಣುವ ವಸ್ತುವನ್ನು ಬೀಗ ತೆರೆಯುವುದಕ್ಕೆ ಮುಂಚೆ ಹುಡುಕಲು ಹೇಳಿದಂತಾಗುತ್ತದೆ, ಯಂತ್ರ ಎಷ್ಟು ಹೊತ್ತು ಕಾದರೂ ಅದು ಸಿಗುವುದಿಲ್ಲ.

ಕಿರಿಯರು: ಎಸ್‌ಡಿಎ3 ಎಂಬ ಸರಳ ಹೆಸರನ್ನೇ ಎರಡನೆಯ ಅಂಕಣದಲ್ಲಿಯೂ ಬರೆದರೆ ಈ ಗೊಂದಲ ತಪ್ಪುವುದಿಲ್ಲವೆ?

ಹಿರಿಯರು: ಆ ಹೆಸರು ಕರ್ನಲ್ ಡಿಸ್ಕುಗಳನ್ನು ಕಂಡುಕೊಂಡ ಸರದಿಯನ್ನು ಅವಲಂಬಿಸಿದ್ದು. ಇನ್ನೊಂದು ಡಿಸ್ಕ್ ಸೇರಿಸಿದಾಗ ಇವತ್ತಿನ ಎಸ್‌ಡಿಎ ನಾಳೆ ಎಸ್‌ಡಿಬಿ ಆಗಬಹುದು; ಸಾಟಾ ಡಿಸ್ಕಿನಿಂದ ಎನ್‌ವಿಎಂಇ ಡಿಸ್ಕಿಗೆ ಹೋದರೆ ಹೆಸರಿನ ಜಾತಿಯೇ ಬದಲಾಗುತ್ತದೆ. ಯುಯುಐಡಿ ಡಿಸ್ಕಿನ ಮೇಲೆಯೇ ಬರೆದಿರುವುದರಿಂದ ತಂತಿ ಬದಲಾದರೂ ಬದಲಾಗದು. ಆದರೆ ಹೊಸ ಡಿಸ್ಕಿನಲ್ಲಿ ಹೊಸದಾಗಿ ಬೀಗ ಹಾಕಿ, ಹಳೆಯ ಕಡತಗಳನ್ನು ಅದರೊಳಗೆ ನಕಲು ಮಾಡಿದವರು ನೆನಪಿಡಬೇಕಾದದ್ದು, ಹೊಸ ಬೀಗಕ್ಕೆ ಹೊಸ ಯುಯುಐಡಿ ಬಂದಿರುತ್ತದೆ, ನಕಲಾದ ಕ್ರಿಪ್ಟ್‌ಟ್ಯಾಬ್ ಮಾತ್ರ ಹಳೆಯದನ್ನೇ ಹೇಳುತ್ತಿರುತ್ತದೆ. ಇದಕ್ಕೆ ವಿರುದ್ಧವಾಗಿ ಡಿಸ್ಕನ್ನು ಬಿಟ್ ಬಿಟ್ ಆಗಿ ಪ್ರತಿ ತೆಗೆದವರು ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಜೋಡಿಸಿಟ್ಟರೆ, ಒಂದೇ ಗುರುತಿನ ಎರಡು ಬೀಗಗಳು ಎದುರಾಗಿ ಯಾವುದು ತೆರೆಯುವುದೆಂದು ಹೇಳಲಾಗದು, ಒಂದನ್ನು ಬಿಚ್ಚಿಡಲೇಬೇಕು.

ಕಿರಿಯರು: ಚೀಟಿಯಲ್ಲಿ ಯಾರೂ ಕೈಯಾಡಿಸದಿದ್ದರೂ ಕರ್ನಲ್ ನವೀಕರಣದ ಮರುದಿನವೇ ತೊಂದರೆ ಕಾಣಿಸಿಕೊಳ್ಳುವುದು ಹೇಗೆ?

ಹಿರಿಯರು: ನವೀಕರಣದಲ್ಲಿ ಹೊಸ ಬುತ್ತಿ ಕಟ್ಟುತ್ತಾರೆ. ಬೂಟ್ ಭಾಗ ಪ್ರತ್ಯೇಕವಾದ ಚಿಕ್ಕ ಪಾರ್ಟಿಷನ್ ಆಗಿರುವುದರಿಂದ ಹಳೆಯ ಕರ್ನಲ್‌ಗಳು ಅಲ್ಲಿ ರಾಶಿ ಬಿದ್ದು ಜಾಗ ಮುಗಿದರೆ, ಹೊಸ ಬುತ್ತಿ ಅರ್ಧಕ್ಕೇ ನಿಲ್ಲುತ್ತದೆ; ನವೀಕರಣದ ನೂರಾರು ಸಾಲುಗಳ ನಡುವೆ ಜಾಗವಿಲ್ಲ ಎಂಬ ಒಂದು ಸಾಲು ಬಂದುಹೋಗಿದ್ದನ್ನು ಯಾರೂ ಗಮನಿಸಿರುವುದಿಲ್ಲ. ಇನ್ನೊಂದು ಕಾರಣ ಪ್ಯಾಕೇಜುಗಳದ್ದು. 2019ರಲ್ಲಿ ಬಂದ ಡೆಬಿಯನ್ 10ರಿಂದ ಈಚೆಗೆ ಕ್ರಿಪ್ಟ್‌ಸೆಟಪ್ಪನ್ನು ಬುತ್ತಿಗೆ ಸೇರಿಸುವ ಕೆಲಸ ಕ್ರಿಪ್ಟ್‌ಸೆಟಪ್-ಇನಿಟ್‌ರಾಮ್‌ಎಫ್‌ಎಸ್ ಎಂಬ ಬೇರೆಯೇ ಪ್ಯಾಕೇಜಿಗೆ ಸೇರಿದೆ. ಬೇಡದ ಪ್ಯಾಕೇಜುಗಳನ್ನು ಗುಡಿಸುವಾಗ ಅದೂ ಹೊರಟುಹೋದರೆ ಮುಂದಿನ ಬುತ್ತಿಯಲ್ಲಿ ಬೀಗದ ಕೈ ಇರುವುದಿಲ್ಲ. ಇಂತಹ ಸಂದರ್ಭದಲ್ಲಿ ಗ್ರಬ್ ಪಟ್ಟಿಯ ಹೆಚ್ಚಿನ ಆಯ್ಕೆಗಳಲ್ಲಿ ಹಳೆಯ ಕರ್ನಲನ್ನು ಆರಿಸುವುದು ಅತ್ಯಂತ ಸುಲಭದ ದಾರಿ, ಏಕೆಂದರೆ ಹಳೆಯ ಕರ್ನಲ್‌ನ ಬುತ್ತಿ ಹಳೆಯದೇ, ಕೆಟ್ಟಿಲ್ಲದ್ದು. ಹಾಗೆ ಒಳಗೆ ಬಂದವರು ಉತ್ಸಾಹದಲ್ಲಿ ಎಲ್ಲ ಕರ್ನಲ್‌ಗಳ ಬುತ್ತಿಯನ್ನೂ ಒಟ್ಟಿಗೆ ಮರುಕಟ್ಟುವ ಆಜ್ಞೆಯನ್ನು ಕೊಡಬಾರದು. ದೋಷ ಇನ್ನೂ ಉಳಿದಿದ್ದರೆ ಆ ಒಂದು ಆಜ್ಞೆಯಿಂದ ಉಳಿದಿದ್ದ ಒಳ್ಳೆಯ ಬುತ್ತಿಯೂ ಕೆಡುತ್ತದೆ. ಹೊಸದನ್ನೊಂದೇ ಕಟ್ಟಿ, ಅದರಿಂದ ಬೂಟ್ ಆದದ್ದನ್ನು ಕಂಡು, ಆಮೇಲೆ ಉಳಿದವುಗಳ ಕಡೆ ತಿರುಗಬೇಕು.

ಕಿರಿಯರು: ಹಳೆಯ ಕರ್ನಲ್ ಉಳಿದಿಲ್ಲದಿದ್ದರೆ?

ಹಿರಿಯರು: ಆಗ ಲೈವ್ ಯುಎಸ್‌ಬಿ ಬೇಕು, ಅಂದರೆ ಅನುಸ್ಥಾಪಿಸದೆಯೇ ಪೆನ್‌ಡ್ರೈವಿನಿಂದ ನಡೆಯುವ ಲಿನಕ್ಸ್. ಅದರಿಂದ ಯಂತ್ರವನ್ನು ಎಬ್ಬಿಸಿ, ಬೀಗ ತೆರೆದು, ಒಳಗಿನ ರೂಟ್ ಕಡತ ವ್ಯವಸ್ಥೆಯನ್ನು ಒಂದು ಕಡತಕೋಶಕ್ಕೆ ಮೌಂಟ್ ಮಾಡಿ, ಅದರೊಳಗೆ ಬೂಟ್ ಮತ್ತು ಇಎಫ್‌ಐ ಪಾರ್ಟಿಷನ್‌ಗಳನ್ನೂ ಅವುಗಳ ಜಾಗದಲ್ಲಿ ಕೂರಿಸಿ, ಕರ್ನಲ್‌ನ ಜೀವಂತ ಮಾಹಿತಿ ಇರುವ ಡೆವ್, ಪ್ರಾಕ್, ಸಿಸ್ ಎಂಬ ಮೂರು ಕೋಶಗಳನ್ನು ಜೋಡಿಸಿ, ಕ್ರೂಟ್ ಎಂಬ ಆಜ್ಞೆಯಿಂದ ಒಳಹೊಕ್ಕರೆ, ಕೆಟ್ಟ ವ್ಯವಸ್ಥೆಯೊಳಗೇ ಕುಳಿತು ದುರಸ್ತಿ ಮಾಡಬಹುದು. ಈ ವಿಧಾನ ಪ್ರಸಿದ್ಧವಾದುದು. ಇದನ್ನು ಪಾಲಿಸಿಯೂ ಸೋತವರು ಸಾಮಾನ್ಯವಾಗಿ ಎರಡು ಕಡೆ ಎಡವಿರುತ್ತಾರೆ. ಒಂದು, ಬೂಟ್ ಪಾರ್ಟಿಷನ್ನನ್ನು ಮೌಂಟ್ ಮಾಡಲು ಮರೆಯುವುದು: ಆಗ ಹೊಸ ಬುತ್ತಿ ರೂಟಿನೊಳಗಿನ ಖಾಲಿ ಕಡತಕೋಶಕ್ಕೆ ಹೋಗಿ ಬೀಳುತ್ತದೆ, ಗ್ರಬ್ ಓದುವ ನಿಜವಾದ ಬೂಟ್ ಭಾಗದಲ್ಲಿ ಹಳೆಯ ಕೆಟ್ಟ ಬುತ್ತಿಯೇ ಉಳಿಯುತ್ತದೆ.

ಕಿರಿಯರು: ಎರಡನೆಯದು?

ಹಿರಿಯರು: ಎರಡನೆಯದು ಹೆಸರಿನ ತಪ್ಪು, ಅದು ಇನ್ನೂ ಸೂಕ್ಷ್ಮ. ಲೈವ್ ವ್ಯವಸ್ಥೆಯಲ್ಲಿ ಕಡತ ನಿರ್ವಾಹಕದಲ್ಲಿ ಕ್ಲಿಕ್ ಮಾಡಿ ಬೀಗ ತೆರೆದರೆ, ಅದು ಲಕ್ಸ್ ಎಂಬ ಪದಕ್ಕೆ ಯುಯುಐಡಿ ಅಂಟಿಸಿ ತನ್ನದೇ ಒಂದು ಹೆಸರನ್ನು ಇಟ್ಟುಬಿಡುತ್ತದೆ. ಕೈಯಾರೆ ತೆರೆಯುವವರೂ ತೋಚಿದ ಹೆಸರನ್ನು ಕೊಡುತ್ತಾರೆ. ಬುತ್ತಿ ಕಟ್ಟುವ ತಂತ್ರಾಂಶವಾದರೋ ರೂಟ್ ಈಗ ಯಾವ ಹೆಸರಿನ ಮೂಲಕ ತೆರೆದಿದೆ ಎಂದು ನೋಡಿ, ಅದೇ ಹೆಸರನ್ನು ಕ್ರಿಪ್ಟ್‌ಟ್ಯಾಬ್‌ನ ಮೊದಲ ಅಂಕಣದಲ್ಲಿ ಹುಡುಕುತ್ತದೆ. ಅಲ್ಲಿ ಎಸ್‌ಡಿಎ3 ಕ್ರಿಪ್ಟ್ ಎಂದಿದ್ದು ಇಲ್ಲಿ ಬೇರೆ ಹೆಸರಿದ್ದರೆ, ಈ ಗುರಿ ಕ್ರಿಪ್ಟ್‌ಟ್ಯಾಬ್‌ನಲ್ಲಿ ಕಾಣಲಿಲ್ಲ ಎಂದು ಒಂದು ಸಾಲಿನ ಎಚ್ಚರಿಕೆ ಕೊಟ್ಟು, ರೂಟಿನ ಬೀಗದ ಚೀಟಿಯನ್ನು ಸೇರಿಸದೆಯೇ ಬುತ್ತಿಯನ್ನು ಕಟ್ಟಿ ಮುಗಿಸುತ್ತದೆ. ಕೆಲಸ ಮುಗಿಯಿತೆಂದು ಮರುಚಾಲನೆ ಮಾಡಿದವರಿಗೆ ಅದೇ ಕಪ್ಪು ತೆರೆ. ಆದ್ದರಿಂದ ಮೊದಲು ಯಾವುದೋ ಹೆಸರಿನಲ್ಲಿ ತೆರೆದು, ಕ್ರಿಪ್ಟ್‌ಟ್ಯಾಬ್ ಓದಿ, ಮೊದಲ ಅಂಕಣದ ಹೆಸರನ್ನು ಬರೆದುಕೊಂಡು, ಎಲ್ಲವನ್ನೂ ಮುಚ್ಚಿ, ಅಕ್ಷರವೂ ವ್ಯತ್ಯಾಸವಾಗದಂತೆ ಅದೇ ಹೆಸರಿನಲ್ಲಿ ಮತ್ತೆ ತೆರೆಯಬೇಕು. ಬುತ್ತಿ ಕಟ್ಟಿದ ಮೇಲೆ ಎಲ್‌ಎಸ್‌ಇನಿಟ್‌ರಾಮ್‌ಎಫ್‌ಎಸ್ ಆಜ್ಞೆಯಿಂದ ಅದರ ಒಳಗಿನ ಪಟ್ಟಿಯನ್ನು ತೆಗೆದು, ಕ್ರಿಪ್ಟ್‌ಸೆಟಪ್ ಅಲ್ಲಿದೆಯೇ ಎಂದು ನೋಡಬೇಕು. ಕ್ರಿಪ್ಟ್‌ರೂಟ್ ಎಂಬ ಕೋಶದಲ್ಲಿರುವ ಕ್ರಿಪ್ಟ್‌ಟ್ಯಾಬ್ ನಕಲಿನಲ್ಲಿ ಸಾಲು ಇದೆಯೇ, ಅಥವಾ ಕಡತ ಖಾಲಿಯಿದೆಯೇ ಎಂಬುದನ್ನೂ ನೋಡಬೇಕು. ಎರಡು ನಿಮಿಷದ ಈ ಪರೀಕ್ಷೆ ಇನ್ನೊಂದು ಸುತ್ತಿನ ನಿರಾಶೆಯನ್ನು ತಪ್ಪಿಸುತ್ತದೆ.

ಕಿರಿಯರು: ಬೇರೆ ವಿತರಣೆಗಳಲ್ಲಿ ಈ ಕ್ರಮ ಬದಲಾಗುತ್ತದೆಯೆ?

ಹಿರಿಯರು: ತತ್ತ್ವ ಒಂದೇ, ಹೆಸರುಗಳು ಬೇರೆ. ಫೆಡೋರಾದಲ್ಲಿ ಡ್ರೇಕಟ್ ಬುತ್ತಿ ಕಟ್ಟುತ್ತದೆ, ಯಾವ ಬೀಗವೆಂಬುದನ್ನು ಕರ್ನಲ್ ಸಾಲಿನಲ್ಲಿಯೇ ಯುಯುಐಡಿಯೊಂದಿಗೆ ಹೇಳಿರುತ್ತಾರೆ. ಆರ್ಚ್‌ನಲ್ಲಿ ಎಂಕೆಇನಿಟ್‌ಸಿಪಿಐಒ ಇದೆ; ಅದರಲ್ಲಿ ಹುಕ್ ಎಂದು ಕರೆಯುವ ಕೊಕ್ಕೆಗಳ ಸಾಲಿನಲ್ಲಿ ಡಿಸ್ಕನ್ನು ಕಾಣಿಸುವ ಕೊಕ್ಕೆ ಮೊದಲು, ಬೀಗ ತೆರೆಯುವುದು ನಂತರ, ಕಡತ ವ್ಯವಸ್ಥೆ ಕೊನೆಗೆ ಎಂಬ ಸರದಿ ತಪ್ಪಬಾರದು, ಕೀಲಿಮಣೆಯ ಕೊಕ್ಕೆಯೂ ಬೀಗಕ್ಕಿಂತ ಮುಂಚೆ ಬರಬೇಕು.

ಕಿರಿಯರು: ಇದುವರೆಗಿನ ಮಾತು ಗುಪ್ತಪದ ಕೇಳುವ ಪರದೆಯೇ ಬಾರದಿದ್ದಾಗಿನದು. ಪರದೆ ಬಂದು, ಸರಿಯಾದ ಗುಪ್ತಪದವನ್ನೇ ಕೊಟ್ಟರೂ ಈ ಗುಪ್ತಪದಕ್ಕೆ ಹೊಂದುವ ಕೀಲಿ ಇಲ್ಲ ಎಂಬ ಉತ್ತರ ಬಂದರೆ?

ಹಿರಿಯರು: ಆ ಉತ್ತರದಲ್ಲಿ ಅರ್ಧ ಶುಭಸುದ್ದಿಯಿದೆ: ಡಿಸ್ಕ್ ಸಿಕ್ಕಿದೆ, ಬುತ್ತಿ ಸರಿಯಿದೆ, ಪಾರ್ಟಿಷನ್ನಿನ ಮೊದಲಲ್ಲಿರುವ ಬೀಗದ ವಿವರಗಳನ್ನು, ಅಂದರೆ ಹೆಡರನ್ನು, ಯಂತ್ರ ಓದಿದೆ. ಉಳಿದ ಅರ್ಧಕ್ಕೆ ಕೀಲಿಮಣೆಯ ಕಡೆ ನೋಡಬೇಕು. ಟೈಪ್ ಮಾಡಿದ ಅಕ್ಷರಗಳು ಅಲ್ಲಿ ಕಾಣುವುದಿಲ್ಲ. ಕ್ಯಾಪ್ಸ್ ಲಾಕ್ ಹತ್ತಿರಬಹುದು, ಅಂಕಿಗಳ ಭಾಗ ಆರಿರಬಹುದು, ಅಥವಾ ಅನುಸ್ಥಾಪನೆಯಲ್ಲಿ ಬ್ರಿಟಿಷ್ ವಿನ್ಯಾಸ ಆರಿಸಿ ಬೂಟ್ ಹಂತದಲ್ಲಿ ಅಮೆರಿಕನ್ ವಿನ್ಯಾಸ ಬಂದು ಚಿಹ್ನೆಗಳು ಸ್ಥಾನಪಲ್ಲಟವಾಗಿರಬಹುದು. ಕನ್ನಡಿಗರಿಗೆ ಇದರ ಇನ್ನೊಂದು ರೂಪ ಎದುರಾಗಬಹುದು. ಡೆಸ್ಕ್‌ಟಾಪಿನಲ್ಲಿ ಕನ್ನಡ ಕೀಲಿಮಣೆ ಸಕ್ರಿಯವಾಗಿದ್ದಾಗಲೇ ಡಿಸ್ಕ್ ಉಪಕರಣದ ಮೂಲಕ ಗುಪ್ತಪದ ಬದಲಿಸಿದರೆ, ಪೆಟ್ಟಿಗೆಯಲ್ಲಿ ಕಾಣುವುದು ಚುಕ್ಕೆಗಳು ಮಾತ್ರವಾದ್ದರಿಂದ ಬರೆದವರು ಇಂಗ್ಲಿಷ್ ಎಂದುಕೊಂಡದ್ದು ಒಳಗೆ ಕನ್ನಡ ಅಕ್ಷರಗಳಾಗಿ ಹೋಗಿರುತ್ತದೆ. ಬೂಟ್ ಹಂತದ ಕನ್ಸೋಲಿನಲ್ಲಿ ಕನ್ನಡದ ವಿನ್ಯಾಸ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಅದೇ ಗುಂಡಿಗಳನ್ನು ಒತ್ತಿದರೂ ಬೇರೆಯೇ ಅಕ್ಷರಗಳು ಹೊರಡುತ್ತವೆ.

ಕಿರಿಯರು: ಆ ಗುಪ್ತಪದ ಮತ್ತೆ ದಕ್ಕುವುದಿಲ್ಲವೆ?

ಹಿರಿಯರು: ದಕ್ಕುತ್ತದೆ. ಲೈವ್ ಯುಎಸ್‌ಬಿಯ ಡೆಸ್ಕ್‌ಟಾಪಿನಲ್ಲಿ ಅದೇ ಕನ್ನಡ ವಿನ್ಯಾಸವನ್ನು ಸಕ್ರಿಯಗೊಳಿಸಿ, ಅದೇ ಗುಂಡಿಗಳನ್ನು ಒತ್ತಿದರೆ ಬೀಗ ತೆರೆಯುತ್ತದೆ. ಕೂಡಲೇ ಸರಳ ರೋಮನ್ ಅಕ್ಷರಗಳ ಇನ್ನೊಂದು ಗುಪ್ತಪದವನ್ನು ಸೇರಿಸಬೇಕು. ವಿನ್ಯಾಸ ಅದೇ ಆಗಿರಬೇಕು ಎಂಬುದಕ್ಕೆ ಕಾರಣವಿದೆ. ಕ್ರಿಪ್ಟ್‌ಸೆಟಪ್ ಅಕ್ಷರಗಳನ್ನು ಅರ್ಥಮಾಡಿಕೊಳ್ಳುವುದಿಲ್ಲ, ಬೈಟ್‌ಗಳನ್ನು ಮಾತ್ರ ನೋಡುತ್ತದೆ. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಯುಟಿಎಫ್-8 ಕ್ರಮದಲ್ಲಿ 3 ಬೈಟ್‌ಗಳು. ಕೊ ಎಂಬ ಅಕ್ಷರವನ್ನು ತೆಗೆದುಕೊಂಡರೆ, ಕಕಾರಕ್ಕೆ ಒತ್ವದ ಒಂದೇ ಚಿಹ್ನೆಯನ್ನು ಸೇರಿಸಿ 6 ಬೈಟ್‌ಗಳಲ್ಲಿ ಬರೆಯಬಹುದು, ಅಥವಾ ಎತ್ವ ಮತ್ತು ಊ ಕಾರದ ಚಿಹ್ನೆಗಳನ್ನು ಒಂದರ ಹಿಂದೆ ಒಂದು ಇಟ್ಟು 9 ಬೈಟ್‌ಗಳಲ್ಲಿಯೂ ಬರೆಯಬಹುದು. ಕಣ್ಣಿಗೆ ಎರಡೂ ಕೊ. ಯೂನಿಕೋಡ್ ನಿಯಮವೂ ಅವೆರಡನ್ನು ಸಮಾನವೆನ್ನುತ್ತದೆ. ಬೀಗಕ್ಕೆ ಮಾತ್ರ ಅವು ಬೇರೆ ಬೇರೆ. ಕನ್ನಡದ ೧ ಮತ್ತು ಇಂಗ್ಲಿಷಿನ 1 ಎಂಬ ಅಂಕಿಗಳೂ ಬೀಗಕ್ಕೆ ಬೇರೆ ಬೇರೆಯೇ. ಕನ್ನಡದಲ್ಲಿಯೇ ಗುಪ್ತಪದವಿರಬೇಕೆಂಬ ಆಸೆ ಸಹಜವಾದುದು, ಗೌರವಿಸಬೇಕಾದುದು. ಅದನ್ನು ನೆರವೇರಿಸಲು ಯಾರಿಗೂ ಗೊತ್ತಿರದ, ಐದಾರು ಪದಗಳ ಒಂದು ಕನ್ನಡ ವಾಕ್ಯವನ್ನು ರೋಮನ್ ಸಣ್ಣಕ್ಷರಗಳಲ್ಲಿ ಬರೆಯುವುದೇ ಈಗಿನ ಸ್ಥಿತಿಯಲ್ಲಿ ಕ್ಷೇಮ. ದೀರ್ಘಸ್ವರಕ್ಕೆ ಒಂದು ಅಕ್ಷರವೋ ಎರಡೋ ಎಂಬುದನ್ನು ಮಾತ್ರ ಒಮ್ಮೆ ಗೊತ್ತುಮಾಡಿಕೊಂಡು ಅದಕ್ಕೆ ಅಂಟಿಕೊಳ್ಳಬೇಕು.

ಕಿರಿಯರು: ಕೀಲಿಮಣೆಯ ಮಾತು ಹಾಗಿರಲಿ, ಗ್ರಬ್ ಹಂತದಲ್ಲಿಯೇ ಗುಪ್ತಪದ ಕೇಳುವ ಏರ್ಪಾಡುಗಳೂ ಇವೆಯಲ್ಲವೆ?

ಹಿರಿಯರು: ಬೂಟ್ ಭಾಗವನ್ನೂ ಬೀಗದೊಳಗಿಟ್ಟವರಿಗೆ ಗ್ರಬ್ ಮೊದಲು ಗುಪ್ತಪದ ಕೇಳುತ್ತದೆ, ಒಮ್ಮೆ ತಪ್ಪಿದರೆ ಗ್ರಬ್ ರೆಸ್ಕ್ಯೂ ಎಂಬ ಶೆಲ್‌ಗೆ ಇಳಿಸಬಹುದು, ಅಲ್ಲಿ ಕ್ರಿಪ್ಟೊಮೌಂಟ್ ಆಜ್ಞೆಯಿಂದ ಮತ್ತೆ ಯತ್ನಿಸಬಹುದು. ಅಲ್ಲಿನ ಮುಖ್ಯ ತೊಡಕು ಬೇರೆ. ಗುಪ್ತಪದದಿಂದ ಕೀಲಿಯನ್ನು ಕಡೆದು ತೆಗೆಯುವ ವಿಧಾನ ಹಳೆಯ ಲಕ್ಸ್1ರಲ್ಲಿ ಪಿಬಿಕೆಡಿಎಫ್2 ಆಗಿತ್ತು. ಲಕ್ಸ್2 ಹೆಚ್ಚು ಮೆಮೊರಿ ಬೇಡುವ ಆರ್ಗನ್2 ವಿಧಾನವನ್ನು ರೂಢಿಯಾಗಿ ಬಳಸುತ್ತದೆ. 2021ರ ಗ್ರಬ್ 2.06ಕ್ಕೆ ಲಕ್ಸ್2 ತಿಳಿಯಿತಾದರೂ ಆರ್ಗನ್2 ತಿಳಿಯದು. 2023ರ ಕೊನೆಯ 2.12ಕ್ಕೂ ಅಷ್ಟೇ. ಅಂತಹ ಗ್ರಬ್‌ಗಾಗಿ ಒಂದು ಗುಪ್ತಪದವನ್ನಾದರೂ ಪಿಬಿಕೆಡಿಎಫ್2ಕ್ಕೆ ಪರಿವರ್ತಿಸಬೇಕು. ಹೆಚ್ಚು ಮೆಮೊರಿಯ ಯಂತ್ರದಲ್ಲಿ ಬೀಗ ಹಾಕಿದ ಡಿಸ್ಕನ್ನು ಕಡಿಮೆ ಮೆಮೊರಿಯ ಯಂತ್ರಕ್ಕೆ ಜೋಡಿಸಿದಾಗಲೂ ಆರ್ಗನ್2 ಬೇಡುವ 1 ಗಿಗಾಬೈಟ್‌ನಷ್ಟು ಜಾಗ ಸಿಗದೆ ತೆರೆಯದಿರಬಹುದು. ಕೀಲಿಯನ್ನು ಕಾಪಾಡಿಡುವ ಟಿಪಿಎಂ ಎಂಬ ಚಿಪ್ಪಿನಿಂದ ತಾನಾಗಿ ತೆರೆಯುವ ಏರ್ಪಾಡು ಮಾಡಿಕೊಂಡವರಿಗೆ ಫರ್ಮ್‌ವೇರ್ ಅಥವಾ ಸೆಕ್ಯೂರ್ ಬೂಟ್ ಸ್ಥಿತಿ ಬದಲಾದ ಮೇಲೆ ಚಿಪ್ ಕೀಲಿಯನ್ನು ಕೊಡದಿರುವುದು ಸಹಜ. ಅದು ಅದರ ಕರ್ತವ್ಯ. ಅಂಥವರು ಗುಪ್ತಪದವನ್ನು ಅಳಿಸದೆ ಉಳಿಸಿಕೊಂಡಿರಬೇಕು.

ಕಿರಿಯರು: ಹಾಗಾದರೆ ನಿಜವಾಗಿಯೂ ಕೈಬಿಡಬೇಕಾದ ಸ್ಥಿತಿ ಯಾವುದು?

ಹಿರಿಯರು: ಹೆಡರ್ ನಾಶವಾದದ್ದು. ಕ್ಲೆಮೆನ್ಸ್ ಫ್ರುವಿರ್ತ್ 2004ರಲ್ಲಿ ರೂಪಿಸಿದ ಲಕ್ಸ್ ಮಾದರಿಯಲ್ಲಿ ಡಿಸ್ಕಿನ ಮಾಹಿತಿಗೆ ಬೀಗ ಹಾಕುವುದು ಜನ ಬರೆಯುವ ಗುಪ್ತಪದವಲ್ಲ. ಯಾದೃಚ್ಛಿಕವಾಗಿ ಹುಟ್ಟಿಸಿದ ಒಂದು ಮೂಲಕೀಲಿ ಬೀಗ ಹಾಕುತ್ತದೆ. ಗುಪ್ತಪದ ಆ ಮೂಲಕೀಲಿಯನ್ನು ಇಟ್ಟಿರುವ ಗೂಡನ್ನು ತೆರೆಯುತ್ತದೆ. ಲಕ್ಸ್1ರಲ್ಲಿ ಇಂತಹ 8 ಗೂಡುಗಳಿಗೆ ಅವಕಾಶ, ಲಕ್ಸ್2ರಲ್ಲಿ 32ರವರೆಗೆ. ಗೂಡುಗಳೆಲ್ಲ ಪಾರ್ಟಿಷನ್ನಿನ ಮೊದಲಲ್ಲಿರುವ ಹೆಡರ್‌ನಲ್ಲಿವೆ. ಅಳಿಸಬೇಕೆಂದಾಗ ಪೂರ್ತಿ ಅಳಿಯಲಿ ಎಂಬ ಉದ್ದೇಶದಿಂದ ಮೂಲಕೀಲಿಯನ್ನು 4000 ಪಟ್ಟು ಹಿಗ್ಗಿಸಿ ಹರಡಿ ಬರೆದಿರುತ್ತಾರೆ. 64 ಬೈಟ್‌ಗಳ ಕೀಲಿ 2,56,000 ಬೈಟ್‌ಗಳಾಗುತ್ತದೆ, ಅದರಲ್ಲಿ ಒಂದು ಸೆಕ್ಟರ್ ಕೆಟ್ಟರೂ ಆ ಗೂಡು ಮತ್ತೆ ತೆರೆಯದು. ಹೆಡರ್‌ನ ಮೊದಲ ನಾಲ್ಕು ಬೈಟ್‌ಗಳಲ್ಲಿ ಎಲ್, ಯು, ಕೆ, ಎಸ್ ಎಂಬ ಅಕ್ಷರಗಳಿರುತ್ತವೆ. ಲಕ್ಸ್2 ತನ್ನ ವಿವರಗಳ ಇನ್ನೊಂದು ಪ್ರತಿಯನ್ನು ಸ್ವಲ್ಪ ಮುಂದೆ ಇಟ್ಟು, ಅಲ್ಲಿ ಅದೇ ಅಕ್ಷರಗಳನ್ನು ತಿರುಗುಮುರುಗಾಗಿ, ಎಸ್, ಕೆ, ಯು, ಎಲ್ ಎಂದು ಬರೆದಿರುತ್ತದೆ. ಮೊದಲ ಪ್ರತಿ ಅಳಿದರೆ ಎರಡನೆಯದರಿಂದ ವಿವರಗಳು ಚೇತರಿಸಿಕೊಳ್ಳುತ್ತವೆ, ಆದರೆ ಗೂಡುಗಳಿಗೆ ಎರಡನೆಯ ಪ್ರತಿಯಿಲ್ಲ. ಇನ್ನೊಂದು ವ್ಯವಸ್ಥೆಯನ್ನು ಅನುಸ್ಥಾಪಿಸುವಾಗ ತಪ್ಪು ಪಾರ್ಟಿಷನ್ ಆರಿಸಿದರೂ, ಗುರುತಿಸಲಾಗದ ಡಿಸ್ಕನ್ನು ಸಜ್ಜುಗೊಳಿಸೋಣವೇ ಎಂದು ಕೇಳುವ ಪೆಟ್ಟಿಗೆಗೆ ಹೌದು ಎಂದರೂ ಗೂಡುಗಳ ಮೇಲೆ ಬರಹ ಬೀಳಬಹುದು. ಆ ಮೇಲೆ ಗುಪ್ತಪದ ನೆನಪಿದ್ದೂ ಪ್ರಯೋಜನವಿಲ್ಲ.

ಕಿರಿಯರು: ಬೂಟ್ ಕೆಟ್ಟು ನಿಂತ ಯಂತ್ರದಲ್ಲಿ ಕೈಹಾಕುವ ಮುಂಚೆ ಹೆಡರ್‌ನ ಪ್ರತಿ ತೆಗೆಯುವುದು ಸಾಧ್ಯವೆ?

ಹಿರಿಯರು: ಸಾಧ್ಯ, ಅದೇ ಮೊದಲ ಕೆಲಸವಾಗಬೇಕು. ಲೈವ್ ಯುಎಸ್‌ಬಿಯಿಂದ ಎದ್ದ ಕೂಡಲೇ ಕ್ರಿಪ್ಟ್‌ಸೆಟಪ್‌ನ ಲಕ್ಸ್‌ಡಂಪ್ ಆಜ್ಞೆಯಿಂದ ಹೆಡರ್ ಓದಿ ಗೂಡುಗಳಿರುವುದನ್ನು ಕಂಡು, ಲಕ್ಸ್‌ಹೆಡರ್‌ಬ್ಯಾಕಪ್ ಆಜ್ಞೆಯಿಂದ ಅದನ್ನು ಬೇರೊಂದು ಪೆನ್‌ಡ್ರೈವಿಗೆ ತೆಗೆದಿಡಬೇಕು. ಲಕ್ಸ್2ರ ಸಾಮಾನ್ಯ ಹೆಡರ್ 16 ಮೆಬಿಬೈಟ್‌ನಷ್ಟೇ. ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ, ಗುಪ್ತಪದವನ್ನೂ ಕೇಳುವುದಿಲ್ಲ. ಆಮೇಲೆ ಪ್ರಯೋಗಗಳಿಗೆ ಕೈಹಾಕಿದರೆ ತಪ್ಪಿಗೆ ತಿದ್ದುಪಡಿಯ ದಾರಿ ಉಳಿದಿರುತ್ತದೆ.

ಕಿರಿಯರು: ಆ ಪ್ರತಿ ಬೇರೆಯವರ ಕೈಗೆ ಸಿಕ್ಕಿದರೆ?

ಹಿರಿಯರು: ಗುಪ್ತಪದ ಗೊತ್ತಿಲ್ಲದವರಿಗೆ ಅದು ಉಪಯೋಗಕ್ಕೆ ಬಾರದು, ಆದರೆ ದುರ್ಬಲ ಗುಪ್ತಪದವಾದರೆ ಬಿಡುವಿನಲ್ಲಿ ಊಹಿಸಿ ನೋಡಲು ಅವಕಾಶ ಸಿಗುತ್ತದೆ. ಇದಕ್ಕಿಂತ ಗಮನಿಸಬೇಕಾದುದು ಇನ್ನೊಂದಿದೆ. ಪ್ರತಿ ತೆಗೆದ ದಿನದ ಗೂಡುಗಳು ಆ ಪ್ರತಿಯಲ್ಲಿ ಹಾಗೆಯೇ ಉಳಿಯುತ್ತವೆ. ಯಾರಿಗೋ ಗೊತ್ತಾಯಿತೆಂದು ಮುಂದೆ ಗುಪ್ತಪದವನ್ನು ಬದಲಿಸಿದರೂ, ಹಳೆಯ ಪ್ರತಿಯೂ ಹಳೆಯ ಗುಪ್ತಪದವೂ ಇದ್ದವರು ಆ ಹೆಡರನ್ನು ಬಳಸಿ ಅದೇ ಮೂಲಕೀಲಿಯನ್ನು ಪಡೆದು ಡಿಸ್ಕನ್ನು ತೆರೆಯಬಲ್ಲರು, ಏಕೆಂದರೆ ಬದಲಾದದ್ದು ಗೂಡಿನ ಬಾಗಿಲು, ಒಳಗಿನ ಕೀಲಿಯಲ್ಲ. ಗುಪ್ತಪದ ಬದಲಿಸಿದ ದಿನವೇ ಹಳೆಯ ಪ್ರತಿಗಳನ್ನು ಅಳಿಸಿ ಹೊಸದನ್ನು ತೆಗೆದಿಡಬೇಕು. ಹಳೆಯ ಪ್ರತಿ ಪರರ ಕೈಸೇರಿದೆ ಎಂಬ ಅನುಮಾನವಿದ್ದರೆ ಗುಪ್ತಪದ ಬದಲಿಸಿದ್ದು ಸಾಲದು, ಕ್ರಿಪ್ಟ್‌ಸೆಟಪ್‌ನ ರೀಎನ್‌ಕ್ರಿಪ್ಟ್ ಆಜ್ಞೆಯಿಂದ ಡಿಸ್ಕಿಗೆ ಹೊಸ ಮೂಲಕೀಲಿಯಿಂದಲೇ ಬೀಗ ಹಾಕಬೇಕಾಗುತ್ತದೆ.